ಬೆಂಡಿ, ಹತ್ತಿ, ಲಿಂಬಿ: ಭ್ರೂಣಚೀಲದ ಸುತ್ತಲಿನ ಕವಚ ಬಿಡಿಸಿ ನೋಡುವ ಬಗೆ

ದ್ವಿತೀಯ ಪಿಯುಸಿ ಜೀವಶಾಸ್ತ್ರದ ಪುಸ್ತಕದಲ್ಲಿ ಅಂಡಕದ, ಅಂದರೆ ಹೂವಿನೊಳಗಿದ್ದು ಮುಂದೆ ಬೀಜವಾಗುವ ಗುಳಿಗೆಯ, ಚಿತ್ರ ಒಂದಿದೆ. ಹೊರಗೆ ಎರಡು ಕವಚ, ಅದರೊಳಗೆ ನ್ಯುಸೆಲಸ್ ಎಂಬ ತಿರುಳು, ತಿರುಳಿನ ಹೊಟ್ಟೆಯಲ್ಲಿ ಭ್ರೂಣಚೀಲ, ಒಂದು ತುದಿಗೆ ಸಣ್ಣ ಕಿಂಡಿ. ನಮ್ಮ ಜಮಖಂಡಿ, ಮುಧೋಳ ಕಡೆಯ ಹುಡುಗರು ಅದನ್ನು ನಿದ್ದೆಗಣ್ಣಲ್ಲೂ ಬಿಡಿಸುತ್ತಾರೆ, ಗೆರೆ ಎಳೆದು ಹೆಸರು ಬರೆಯುತ್ತಾರೆ, ಪೂರ್ತಿ ಅಂಕವನ್ನೂ ತರುತ್ತಾರೆ. ಅದೇ ಹುಡುಗನ ಮುಂದೆ ಎಳೆ ಬೆಂಡಿಕಾಯಿ ಸೀಳಿಟ್ಟು ‘ಇದರಾಗ ಆ ಚಿತ್ರ ಎಲ್ಲೈತಿ ತೋರಿಸಪಾ’ ಅಂದರೆ ಸುಮ್ಮನಾಗುತ್ತಾನೆ. ಹುಡುಗರನ್ನು ಅಂದು ಉಪಯೋಗವಿಲ್ಲ. ಪಾಠ ಹೇಳಲು ಶುರುಮಾಡಿ ಆರು ವರ್ಷವಾದರೂ ನಾನೇ ಅದನ್ನು ಕಂಡಿರಲಿಲ್ಲ. ಕಂಡಿದ್ದು ಬೋರ್ಡಿನ ಮೇಲೆ, ಬಣ್ಣದ ಚಾಕ್‌ಪೀಸಿನಲ್ಲಿ.

ಈಗ ಕಂಡಿದ್ದೇನೆ. ಅದಕ್ಕೆ ದೊಡ್ಡ ಪ್ರಯೋಗಾಲಯ ಬೇಕಾಗಲಿಲ್ಲ. ಸಂತೆಯ ಬೆಂಡಿಕಾಯಿ, ಡಬ್ಬಿಯ ಕಡಲೆ, ಬೈಲಹೊಂಗಲ ಕಡೆಯ ಹತ್ತಿ ಹೊಲ, ಬಾಗಲಕೋಟೆಯ ದಾಳಿಂಬೆ, ವಿಜಯಪುರ ಜಿಲ್ಲೆಯ ಇಂಡಿ ಊರಿನ ಲಿಂಬಿ, ಇಷ್ಟರಲ್ಲೇ ಮುಗಿಯಿತು. ನಾನು ಹಿಡಿದ ದಾರಿಯನ್ನೇ ಹೆಜ್ಜೆಹೆಜ್ಜೆಯಾಗಿ ಬರೆಯುತ್ತೇನೆ.

ಕೈ ಹಚ್ಚುವ ಮೊದಲು ಒಂದು ಮಾತು ತಲೆಯಲ್ಲಿರಲಿ. ಭ್ರೂಣಚೀಲವನ್ನು ಸುತ್ತಿದ ಕವಚ, ತಿರುಳು ಎರಡೂ ತಾಯಿಗಿಡದ ಮೈ. ಪರಾಗ ಬಂದು ಸೇರುವುದು ಚೀಲದೊಳಗಿನ ಎರಡು ಜೀವಕೋಶಗಳಿಗೆ ಮಾತ್ರ: ಅಂಡಕೋಶಕ್ಕೆ ಸೇರಿ ಭ್ರೂಣವಾಗುತ್ತದೆ, ನಡುಕೋಶಕ್ಕೆ ಸೇರಿ ಭ್ರೂಣಾಹಾರವಾಗುತ್ತದೆ. ಗೋಡೆಗೆ ತಂದೆಯ ಪಾಲು ಇಲ್ಲ. ಅಂದರೆ ಒಂದು ಬೀಜ ಕೈಯಲ್ಲಿ ಹಿಡಿದಿರಿ ಎಂದರೆ ಹೊರಗೆ ತಾಯಿ, ಒಳಗೆ ಮಗು, ಎರಡು ತಲೆಮಾರನ್ನು ಒಟ್ಟಿಗೆ ಹಿಡಿದಿದ್ದೀರಿ. ಮುಂದೆ ಏನೇ ಸುಲಿದರೂ ‘ಇದು ತಾಯಿಯದೋ, ಮಗುವಿನದೋ’ ಎಂದು ಕೇಳಿಕೊಳ್ಳಿ.

ಸಾಮಾನು

ಹೊಸ ಬ್ಲೇಡು, ಎರಡು ಸೂಜಿ, ಹತ್ತು ಪಟ್ಟು ದೊಡ್ಡದಾಗಿ ತೋರಿಸುವ ಕೈಮಸೂರ, ಕರಿ ಹಾಳೆಯ ತುಂಡು, ಬಿಳಿ ತಟ್ಟೆ, ನೀರು. ಸೂಜಿಯ ಹಿಂಬದಿಯನ್ನು ಖಾಲಿ ಬಾಲ್‌ಪೆನ್ನಿನ ಕೊಳವೆಗೆ ಚುಚ್ಚಿದರೆ ಹಿಡಿಕೆ ಆಯಿತು. ಕರಿ ಹಾಳೆ ಮರೆಯಬೇಡಿ. ಅಂಡಕ ಮುತ್ತಿನ ಬಣ್ಣದ್ದು, ಬಿಳಿ ತಟ್ಟೆಯ ಮೇಲೆ ಇಟ್ಟರೆ ಕಣ್ಣಿಗೆ ಸಿಗುವುದೇ ಇಲ್ಲ.

ಎರಡು ಎಚ್ಚರಿಕೆ. ಬಿತ್ತನೆ ಪಾಕೀಟಿನ ಬಣ್ಣ ಬಳಿದ ಬೀಜ ಮುಟ್ಟಬೇಡಿ, ಅದಕ್ಕೆ ಔಷಧಿ ಸವರಿರುತ್ತಾರೆ. ಪುಸ್ತಕದಲ್ಲಿ ಉದಾಹರಣೆ ಇದೆ ಎಂದು ಔಡಲ (ಹರಳು) ಬೀಜವನ್ನು ಸಣ್ಣ ಮಕ್ಕಳ ಕೈಗೆ ಕೊಡಬೇಡಿ. ಅದರೊಳಗಿನ ರಿಸಿನ್ ವಿಷ.

ಹೆಜ್ಜೆ 1: ಬೆಂಡಿ ಹೂವಿನ ಒಳಮನೆ

ಕಾಯಿಯಿಂದ ಅಲ್ಲ, ಹೂವಿನಿಂದ ಶುರುಮಾಡಿ. ಬೆಂಡಿ ಹೂವು ಬೆಳಿಗ್ಗೆ ಅರಳಿ ಅದೇ ದಿನ ಮುದುಡುತ್ತದೆ. ನಾಳೆ ಅರಳುವಂತೆ ಕಾಣುವ ಉಬ್ಬಿದ ಮೊಗ್ಗನ್ನು ಇಂದು ಸಂಜೆ ಕಿತ್ತುಕೊಳ್ಳಿ. ಹಳದಿ ಎಸಳು, ಕೇಸರಗಳ ಕೊಳವೆ ತೆಗೆದರೆ ಬುಡದಲ್ಲಿ ಹಸಿರು ರೋಮದ ಪುಟ್ಟ ಗೋಪುರ ಉಳಿಯುತ್ತದೆ. ಅದೇ ಅಂಡಾಶಯ, ನಾಳೆಯ ಬೆಂಡಿಕಾಯಿ.

ಅದನ್ನು ಅಡ್ಡ ಕತ್ತರಿಸಿ. ಬ್ಲೇಡನ್ನು ಒತ್ತಬೇಡಿ, ಎಳೆಯಿರಿ. ಒತ್ತಿದರೆ ಲೋಳೆ ಬಂದು ಎಲ್ಲ ಕಲಸಿಹೋಗುತ್ತದೆ. ಸರಿಯಾಗಿ ಕೊಯ್ದರೆ ಐದೋ ಆರೋ ಕೋಣೆಯ ನಕ್ಷತ್ರ, ಪ್ರತಿ ಕೋಣೆಯಲ್ಲಿ ನಡುಗಂಬಕ್ಕೆ ಜೋತುಬಿದ್ದ ಬಿಳಿ ಗುಳಿಗೆ ಕಾಣುತ್ತದೆ. ಅದು ಅಂಡಕ. ಇನ್ನೊಂದು ಮೊಗ್ಗನ್ನು ಉದ್ದಕ್ಕೆ ಸೀಳಿದರೆ ಅಂಡಕಗಳು ಸಾಲಾಗಿ, ಒಂದರ ಕೆಳಗೊಂದು ನಿಂತಿರುತ್ತವೆ.

ಸೂಜಿಯಿಂದ ಒಂದನ್ನು ಎಬ್ಬಿಸಿ, ಕರಿ ಹಾಳೆಯ ಮೇಲೆ ನೀರ ಹನಿಯಲ್ಲಿಟ್ಟು ಮಸೂರ ಹಿಡಿಯಿರಿ. ಸಾಸಿವೆಗಿಂತ ಚಿಕ್ಕದು, ಅವರೆ ಕಾಳಿನಂತೆ ಒಂದು ಕಡೆ ಬಾಗಿದ್ದು. ಬಾಗಿದ ಕಡೆಗೆ ಸಣ್ಣ ತೊಟ್ಟು. ಈಗ ಪುಸ್ತಕದ ಚಿತ್ರ ನೆನಪಿಸಿಕೊಳ್ಳಿ: ಕಿಂಡಿ ಎಲ್ಲಿರಬೇಕು? ಹುಡುಗರು ತೊಟ್ಟಿನ ಎದುರು ತುದಿಗೆ ಬೆರಳಿಡುತ್ತಾರೆ. ತಪ್ಪು. ಬೆಂಡಿ, ಹತ್ತಿ ಮತ್ತು ಬಹುಪಾಲು ಹೂಗಿಡಗಳಲ್ಲಿ ಅಂಡಕ ಬೆಳೆಯುತ್ತಾ ತಲೆಕೆಳಗಾಗಿ ಮಗುಚಿಕೊಳ್ಳುತ್ತದೆ; ಬಾಯಿ ತಿರುಗಿ ತೊಟ್ಟಿನ ಪಕ್ಕಕ್ಕೇ ಬರುತ್ತದೆ. ಕೂತಲ್ಲೇ ಮೊಣಕಾಲಿಗೆ ತಲೆ ಆನಿಸಿಕೊಂಡವರ ಹಾಗೆ. ಎದುರಿನ ದುಂಡು ತುದಿ ಚಲಾಜಾ, ಕವಚ, ತಿರುಳು ಎಲ್ಲ ಒಂದಾಗಿ ಬೆಸೆಯುವ ಬುಡ. ತಾಯಿಯಿಂದ ಆಹಾರ ಒಳಗೆ ಹೋಗುವುದು ಆ ಕಡೆಯಿಂದ.

ಭ್ರೂಣಚೀಲ ಮಸೂರದಲ್ಲಿ ಕಾಣುವುದಿಲ್ಲ. ಕಂಡಿತು ಎಂದು ಯಾರಾದರೂ ಹೇಳಿದರೆ ನಕ್ಕು ಸುಮ್ಮನಾಗಿ. ಈ ಹಂತದಲ್ಲಿ ಗುರುತಿಸಬೇಕಾದದ್ದು ತೊಟ್ಟು, ಬಾಯಿ, ಬುಡ, ಇಷ್ಟೇ.

ಹೆಜ್ಜೆ 2: ಗೋಡೆಗೊಂದು ಬಾಗಿಲು

ಕವಚ ಎಲ್ಲ ಕಡೆ ಮುಚ್ಚಿಕೊಂಡು ಒಂದೇ ಕಡೆ ತೂತು ಬಿಡುತ್ತದೆ. ಅದು ಮೈಕ್ರೊಪೈಲ್. ಪರಾಗನಳಿಕೆ ಸಾಮಾನ್ಯವಾಗಿ ಒಳಬರುವುದು ಅಲ್ಲಿಂದ, ಮೊಳಕೆಯ ಬೇರು ಹೊರಬರುವುದೂ ಅಲ್ಲಿಂದ. ಹೂವಿನಲ್ಲಿ ಕಾಣದ ಈ ಕಿಂಡಿ ಕಾಳಿನಲ್ಲಿ ಕಾಣುತ್ತದೆ.

ಮನೆಯ ಕಡಲೆ ಒಂದು ಹಿಡಿ ರಾತ್ರಿ ನೆನೆಹಾಕಿ. ಬೆಳಿಗ್ಗೆ ಒಂದು ಕಾಳನ್ನು ಬಟ್ಟೆಯಲ್ಲಿ ಚೆನ್ನಾಗಿ ಒರೆಸಿ ಎರಡು ಬೆರಳ ನಡುವೆ ಮೆಲ್ಲಗೆ ಹಿಂಡಿ. ಮೂಗಿನ ಬುಡದಲ್ಲಿ ತೊಟ್ಟು ಕಿತ್ತ ಗುರುತು ಇದೆಯಲ್ಲ, ಅದರ ಪಕ್ಕದಲ್ಲೇ ಸೂಜಿಮೊನೆಯಷ್ಟು ನೀರು ಉಕ್ಕುತ್ತದೆ. ಆ ಮೂಗಿನೊಳಗೆ ಇರುವುದೇ ಬೇರಿನ ಮೊಳಕೆ; ಬಾಗಿಲಿಗೆ ಮುಖಮಾಡಿಕೊಂಡೇ ಮಲಗಿರುತ್ತದೆ. ಒಣ ಕಾಳನ್ನು ಬಿಸಿ ನೀರಿಗೆ ಬಿಟ್ಟರೆ ಅದೇ ಜಾಗದಿಂದ ಗುಳ್ಳೆ ಏಳುವುದನ್ನೂ ನೋಡಬಹುದು.

ಇಲ್ಲಿಯೇ ಒಂದು ಅಡುಗೆಮನೆಯ ಮಾತು. ಹೆಸರೋ ಮಡಕಿಯೋ ನೆನೆಹಾಕಿದಾಗ ಎಲ್ಲ ಉಬ್ಬಿದರೂ ನಾಲ್ಕು ಕಾಳು ಕಲ್ಲಿನಂತೆ ಉಳಿದು ಉಸುಳಿಯಲ್ಲಿ ಹಲ್ಲಿಗೆ ಸಿಗುತ್ತವೆ. ಕಾಳು ಕೆಟ್ಟದ್ದಲ್ಲ, ಸತ್ತದ್ದೂ ಅಲ್ಲ. ಕವಚದ ಹೊರಪದರದಲ್ಲಿ ಕೋಲುಕೋಲಾಗಿ ಒತ್ತೊತ್ತಾಗಿ ನಿಂತ ಜೀವಕೋಶಗಳು ನೀರು ಒಳಗೆ ಬಿಡುತ್ತಿಲ್ಲ. ಅವನ್ನೇ ಆರಿಸಿ ಮರಳುಕಾಗದದ ಮೇಲೆ ಎರಡು ಸಲ ಉಜ್ಜಿ ಮತ್ತೆ ನೆನೆಸಿ, ಸಂಜೆಗೆ ಉಬ್ಬುತ್ತವೆ. ಗೋಡೆ ಎಷ್ಟು ಗಟ್ಟಿ ಎನ್ನುವುದಕ್ಕೆ ಇದಕ್ಕಿಂತ ಸುಲಭದ ಪರೀಕ್ಷೆ ನನಗೆ ಸಿಕ್ಕಿಲ್ಲ.

ಹೆಜ್ಜೆ 3: ಕವಚ ಎಣಿಸುವಾಗ ನಾನು ಎಡವಿದ್ದು

ಚಿತ್ರದಲ್ಲಿ ಎರಡು ಕವಚ ಇರುವುದರಿಂದ ಎಲ್ಲ ಗಿಡಕ್ಕೂ ಎರಡೇ ಎಂದು ನಂಬಿದ್ದೆ. ಒಂದು ಸಲ ಸೂರ್ಯಪಾನದ (ಸೂರ್ಯಕಾಂತಿಯ) ಕಾಳು ತಂದು, ‘ಕರಿಗೆರೆಯ ಸಿಪ್ಪೆ ಹೊರಕವಚ, ಒಳಗಿನ ತೆಳು ಪೊರೆ ಒಳಕವಚ’ ಎಂದು ಗಟ್ಟಿ ದನಿಯಲ್ಲಿ ಹೇಳಿಬಿಟ್ಟೆ. ಹಿಂದಿನ ಬೆಂಚಿನ ಹುಡುಗಿ ಎದ್ದು, ‘ಸರ್, ಹಂಗಾದ್ರ ಕಾಯಿ ಸಿಪ್ಪಿ ಎಲ್ಲಿ ಹೋತ್ರೀ?’ ಅಂದಳು. ಉತ್ತರ ಇರಲಿಲ್ಲ. ನಾಳೆ ಹೇಳುತ್ತೇನೆ ಎಂದು ಹಾಜರಿ ಪುಸ್ತಕ ಎತ್ತಿಕೊಂಡು ಹೊರಬಂದೆ.

ಅವಳು ಕೇಳಿದ್ದೇ ಸರಿ. ಸೂರ್ಯಪಾನದಲ್ಲಿ ನಾವು ಬೀಜ ಎನ್ನುವುದು ಒಂದು ಇಡೀ ಕಾಯಿ. ಗಟ್ಟಿ ಸಿಪ್ಪೆ ಅಂಡಾಶಯದ ಗೋಡೆ. ಒಳಗಿನ ತೆಳು ಪೊರೆ ಒಂದೇ ಬೀಜಕವಚ, ಯಾಕೆಂದರೆ ಸೂರ್ಯಪಾನದ ಅಂಡಕಕ್ಕೆ ಇರುವುದೇ ಒಂದು ಕವಚ. ಟೊಮೆಟೊ, ಮೆಣಸಿನಕಾಯಿ, ಬದನೆಗೂ ಒಂದೇ. ಬೆಂಡಿ, ಹತ್ತಿ, ದಾಳಿಂಬೆ, ಲಿಂಬಿಗೆ ಎರಡು. ಶ್ರೀಗಂಧಕ್ಕೆ ಸೊನ್ನೆ! ಅದರ ಅಂಡಕ ಬತ್ತಲೆ, ಭ್ರೂಣಚೀಲ ತಿರುಳನ್ನೂ ದಾಟಿ ಹೊರಗೆ ಚಾಚಿಕೊಳ್ಳುತ್ತದೆ. ನಾವು ಗಂಧದ ಬೀಜದ ಚಿಪ್ಪು ಎಂದು ಒಡೆಯುವುದು ಹಣ್ಣಿನ ಒಳಗೋಡೆಯನ್ನು.

ಹಾಗಾಗಿ ಸುಲಿಯುವಾಗ ನಿಯಮ ಇದು: ಮೊದಲು ಹಣ್ಣಿನ ಗೋಡೆ ಯಾವುದು ಎಂದು ತೀರ್ಮಾನಿಸಿ, ಆಮೇಲೆ ಬೀಜದ ಗೋಡೆ ಎಣಿಸಿ. ಶೇಂಗಾದಲ್ಲಿ ಇದು ಸಲೀಸು: ಒಡೆಯುವ ಚಿಪ್ಪು ಹಣ್ಣಿನದು, ಹುರಿದಾಗ ಊದಿ ಹಾರಿಸುವ ಕೆಂಪು ಸಿಪ್ಪೆ ಬೀಜದ್ದು. ಜೋಳ, ಗೋಧಿ, ಗೋವಿನಜೋಳದಲ್ಲಿ ಎರಡೂ ಅಂಟಿಕೊಂಡಿವೆ, ಬಿಡಿಸಲು ಹೋಗಬೇಡಿ. ಬದಲಿಗೆ ವಿಜಯಪುರದ ಬಿಳಿಜೋಳದ ಮಾಗಿದ ತೆನೆ ಸಿಕ್ಕರೆ ಒಂದು ಕಾಳು ಕಿತ್ತು ಬುಡ ನೋಡಿ: ತೆನೆಗೆ ಅಂಟಿದ್ದ ಜಾಗದಲ್ಲಿ ಕರಿ ಚುಕ್ಕೆ ಇರುತ್ತದೆ. ತಾಯಿ ಊಟ ಕಳಿಸುತ್ತಿದ್ದ ದಾರಿ ಮುಚ್ಚಿದ ಗುರುತು ಅದು. ಚುಕ್ಕೆ ಬಂದಮೇಲೆ ಕಾಳಿನ ತೂಕ ಏರುವುದಿಲ್ಲ, ಒಣಗುವುದಷ್ಟೇ ಬಾಕಿ.

ಹೆಜ್ಜೆ 4: ಹತ್ತಿ ಹೊಲಕ್ಕೆ ಹೋಗಿ

ಇದೊಂದಕ್ಕೆ ಸಮಯ ಕೊಡಿ. ಭ್ರೂಣಚೀಲದ ಹೊರಗೋಡೆ ಏನೇನು ಮಾಡಬಲ್ಲದು ಎಂದು ತೋರಿಸಲು ಹತ್ತಿಯಂಥ ಗಿಡ ಇನ್ನೊಂದಿಲ್ಲ. ನಾವು ಉಟ್ಟ ಅರಳೆ ಎಂದರೆ ಅಂಡಕದ ಹೊರಕವಚದ ಮೇಲುಪದರದ ಕೂದಲು. ಒಂದೊಂದು ಎಳೆಯೂ ಒಂದೇ ಒಂದು ಜೀವಕೋಶ. ಮೇಲುಪದರದ ಸುಮಾರು ಕಾಲುಭಾಗದಷ್ಟು ಕೋಶಗಳು ಹೂ ಅರಳುವ ಹೊತ್ತಿಗೆ ಸರಿಯಾಗಿ ತಲೆಯೆತ್ತಿ, ಎರಡು ಮೂರು ವಾರ ಉದ್ದಕ್ಕೆ ಬೆಳೆದು, ಆಮೇಲೆ ಒಳಗೆ ಸೆಲ್ಯುಲೋಸ್ ತುಂಬಿಕೊಂಡು ಗಟ್ಟಿಯಾಗುತ್ತವೆ. ಕಣ್ಣಿಗೆ ಕಾಣದ ಕೋಶವೊಂದು 25–30 ಮಿಲಿಮೀಟರ್ ಆಗುವುದೆಂದರೆ ಹುಡುಗಾಟವಲ್ಲ.

ಮುಂಗಾರಿ ಹತ್ತಿ ಹೂ ಬಿಡುವ ದಿನಗಳಲ್ಲಿ ಬೆಳಿಗ್ಗೆ ಹೊಲಕ್ಕೆ ಹೋಗಿ. ಮಾಲೀಕರನ್ನು ಕೇಳಿಯೇ ಕೀಳಿ, ಎಣ್ಣಿ (ಕೀಟನಾಶಕ) ಹೊಡೆದು ಎಷ್ಟು ದಿನವಾಯಿತು ಎಂದೂ ಕೇಳಿ. ನಿನ್ನೆ ಮೊನ್ನೆ ಹೊಡೆದಿದ್ದರೆ ಮುಟ್ಟದೆ ವಾಪಸ್ ಬನ್ನಿ. ಈಗಿನ ಹೈಬ್ರಿಡ್ ಹತ್ತಿಯಲ್ಲಿ ಇಂದು ಅರಳಿದ ಹೂವು ಹಾಲುಬಣ್ಣದ್ದು, ನಿನ್ನೆಯದು ಗುಲಾಬಿ, ಹಾಗಾಗಿ ವಯಸ್ಸು ತಿಳಿಯುವುದು ಸುಲಭ. ಹಾಲುಬಣ್ಣದ ಏಳೆಂಟು ಹೂವಿನ ತೊಟ್ಟಿಗೆ ಬಣ್ಣದ ದಾರ ಕಟ್ಟಿ ದಿನಾಂಕ ಬರೆದುಕೊಳ್ಳಿ. ಎರಡು ಹೂ ಹೆಚ್ಚಿಗೆ ಕಟ್ಟಿ, ಎಳೆಕಾಯಿ ಉದುರುವುದು ಹತ್ತಿಯ ಹಳೇ ಚಾಳಿ.

ಅರಳಿದ ದಿನದ ಒಂದನ್ನು, ಎರಡನೇ ದಿನದ್ದನ್ನು, ಐದನೇ ದಿನದ್ದನ್ನು, ಹತ್ತನೇ ದಿನದ್ದನ್ನು ಒಂದೊಂದಾಗಿ ತಂದು ಸೀಳಿ ನೋಡಿ. ಮೊದಲ ದಿನದ ಅಂಡಕ ಹೆಚ್ಚುಕಡಿಮೆ ಬೋಳು, ಮಸೂರದಲ್ಲಿ ಮಂಜು ಬಿದ್ದಂತೆ ಮಾತ್ರ ತೋರುತ್ತದೆ. ಎರಡನೇ ದಿನಕ್ಕೆ ಹಸುಗೂಸಿನ ತಲೆಯಂತೆ ನವಿರು. ಐದನೇ ದಿನಕ್ಕೆ ಸೂಜಿಯಿಂದ ಬಾಚಬಹುದು. ಹತ್ತನೇ ದಿನಕ್ಕೆ ಇಡೀ ತೊಳೆ ನೆನೆದ ಹತ್ತಿಯುಂಡೆಯಾಗಿರುತ್ತದೆ. ಒಂದು ಕಾಳನ್ನು ಬಟ್ಟಲು ನೀರಿನಲ್ಲಿ ತೇಲಿಬಿಟ್ಟರೆ ಎಳೆಗಳು ಬಿಚ್ಚಿ ಸುತ್ತಲೂ ಹರಡಿಕೊಳ್ಳುತ್ತವೆ. ಬಿಸಿಲಿಗೆ ಕಾಯಿ ಬಿರಿದು ಎಳೆ ಒಣಗಿ ಚಪ್ಪಟೆಯಾಗಿ ಹುರಿಗೊಂಡಾಗಲೇ ಅದು ನೂಲಲು ಬರುವ ಅರಳೆ. ಗಿರಣಿಯಲ್ಲಿ ಅರಳೆ ತೆಗೆದಮೇಲೂ ಕಾಳಿಗೆ ಅಂಟಿರುವ ಮೋಟು ನವಿರು ಕೂಡ ಅದೇ ಪದರದ್ದು, ತಡವಾಗಿ ಹುಟ್ಟಿದ ತಮ್ಮಂದಿರು.

ತಾಯಿಯದೋ, ಮಗುವಿನದೋ? ಅರಳೆ ತಾಯಿಯದು. ಪಕ್ಕದ ಹೊಲದ ಬೇರೆ ತಳಿಯ ಪರಾಗ ಜೇನು ಹೊತ್ತು ತಂದರೂ ಈ ವರ್ಷದ ನಿಮ್ಮ ಅರಳೆಯ ಎಳೆ ನಿಮ್ಮ ಗಿಡದ ಗುಣದ್ದೇ. ಬೆರಕೆ ಇರುವುದು ಕಾಳಿನೊಳಗೆ. ಬಿತ್ತಿದರೆ ಮುಂದಿನ ಬೆಳೆಯಲ್ಲಿ ಹೊರಬರುತ್ತದೆ.

ಹೆಜ್ಜೆ 5: ದಾಳಿಂಬೆ

ಬಾಗಲಕೋಟೆಯವರಿಗೆ ದಾಳಿಂಬೆ ಬಿಡಿಸುವುದನ್ನು ಕಲಿಸುವುದೇನಿದೆ. ಆದರೆ ಒಂದು ಕೆಂಪು ಕಾಳನ್ನು ತಿನ್ನದೆ ಸೂಜಿಯಿಂದ ಚುಚ್ಚಿ. ರಸ ಹೋಗಿ ತೆಳು ಪೊರೆ ಗಟ್ಟಿ ಬೀಜಕ್ಕೆ ಮೆತ್ತಿಕೊಳ್ಳುತ್ತದೆ. ಆ ರಸ ತುಂಬಿದ್ದು ಹೊರಕವಚದ ಮೇಲುಪದರದ ಉಬ್ಬಿ ನಿಂತ ಕೋಶಗಳಲ್ಲಿ. ಹತ್ತಿಯಲ್ಲಿ ಕೂದಲಾದ ಪದರ ಇಲ್ಲಿ ರಸದ ಚೀಲವಾಗಿದೆ. ಹಲ್ಲಿಗೆ ಸಿಗುವ ಗಟ್ಟಿ ಭಾಗವೂ ಬೀಜಕವಚವೇ. ಅದನ್ನು ಕಲ್ಲಿನಿಂದ ಮೆಲ್ಲಗೆ ಒಡೆದರೆ ಕೆನೆಬಣ್ಣದ ಭ್ರೂಣ ಸಿಗುತ್ತದೆ, ಬೀಜದಳ ಎರಡೂ ಚಾಪೆಯಂತೆ ಸುತ್ತಿಕೊಂಡಿರುತ್ತವೆ. ಮಗು ಅಷ್ಟೇ, ನಾವು ತಿನ್ನುವುದೆಲ್ಲ ತಾಯಿ. ಗಣೇಶ ತಳಿಯ ಮೆತ್ತನೆ ಬೀಜವನ್ನು ಹೊಗಳುತ್ತೇವಲ್ಲ, ಹೊಗಳಿದ್ದು ಈ ಗೋಡೆಯನ್ನೇ. ಬೀಜ ಬಿತ್ತಿ ಎಬ್ಬಿಸಿದ ಸಸಿ ಅದೇ ಗೋಡೆ ಕಟ್ಟುತ್ತದೆಂಬ ಖಾತ್ರಿ ಇಲ್ಲ, ಅದಕ್ಕೇ ಬೆಳೆಗಾರರು ಗೂಟಿ ಕಟ್ಟುತ್ತಾರೆ, ಅಂದರೆ ತಾಯಿಗಿಡದ ಕೊಂಬೆಗೇ ಬೇರು ಬರಿಸಿ ಸಸಿ ಮಾಡುತ್ತಾರೆ.

ಹೆಜ್ಜೆ 6: ಕಾಲೇಜಿನ ಸೂಕ್ಷ್ಮದರ್ಶಕ ಇದ್ದವರಿಗೆ

ಭ್ರೂಣಚೀಲವನ್ನೇ ನೋಡಬೇಕೆಂದರೆ ಅಂಡಕವನ್ನು ಗಾಜಿನಂತೆ ಪಾರದರ್ಶಕ ಮಾಡಬೇಕು. ಬ್ಲೇಡಿನಿಂದ ಆಗುವ ಕೆಲಸ ಅಲ್ಲ. ಮೂರು ಪಾಲು ಆಲ್ಕೊಹಾಲಿಗೆ ಒಂದು ಪಾಲು ಅಸಿಟಿಕ್ ಆಮ್ಲ ಬೆರೆಸಿ ಎಳೆಯ ಅಂಡಾಶಯವನ್ನು ಒಂದು ದಿನ ಇಡಿ. ಶೇ. 70ರ ಆಲ್ಕೊಹಾಲಿಗೆ ಬದಲಿಸಿ, ಅಂಡಕ ಬಿಡಿಸಿಕೊಂಡು, 85, 95, 100 ಎಂದು ಒಂದೊಂದರಲ್ಲಿ ಅರ್ಧ ತಾಸು ದಾಟಿಸಿ, ಕೊನೆಗೆ ಮಿಥೈಲ್ ಸ್ಯಾಲಿಸಿಲೇಟಿನಲ್ಲಿ ಬಿಡಿ. ನೋವಿನ ಮುಲಾಮಿನ ವಾಸನೆ ಬರುತ್ತದೆ, ಕಿಟಕಿ ತೆರೆದಿಡಿ, ಬೆಂಕಿ ದೂರ ಇರಲಿ. ಸ್ಲೈಡಿನ ಮೇಲಿಟ್ಟಾಗ ಬೆಳಕಿನ ಪರದೆಯನ್ನು ಅರ್ಧಕ್ಕಿಂತ ಹೆಚ್ಚು ಮುಚ್ಚಿ. ಪೂರ್ತಿ ಬೆಳಕಿನಲ್ಲಿ ಗೆರೆಗಳೆಲ್ಲ ಅಳಿಸಿಹೋಗುತ್ತವೆ. ಇದಕ್ಕೆ ಬೆಂಡಿ ಬೇಡ, ತಿರುಳು ದಪ್ಪ. ಮೆಣಸಿನಕಾಯಿ ಹೂವು ಒಳ್ಳೆಯದು, ಅದರ ನ್ಯುಸೆಲಸ್ ತೆಳು.

ಅದೃಷ್ಟ ಇದ್ದರೆ ನಡುವೆ ತಿಳಿಯಾದ ಚೀಲ, ಕಿಂಡಿಯ ಕಡೆ ಮೂರು ಕೋಶದ ಗುಂಪು ಕಾಣುತ್ತದೆ. ಬಹುಪಾಲು ಗಿಡಗಳಲ್ಲಿ ಚೀಲಕ್ಕೆ ಏಳು ಕೋಶ, ಎಂಟು ಕೋಶಕೇಂದ್ರ. ಕಿಂಡಿಯ ಕಡೆ ಅಂಡಕೋಶವೂ ಅದರ ಪಕ್ಕದ ಜೊತೆಕೋಶಗಳಾದ ಎರಡು ಸಿನರ್ಜಿಡ್‌ಗಳೂ, ಬುಡದ ಕಡೆ ಆಂಟಿಪೋಡಲ್ ಎಂಬ ಮೂರು ಕೋಶ, ನಡುವೆ ಎರಡು ಕೋಶಕೇಂದ್ರದ ದೊಡ್ಡ ನಡುಕೋಶ. ಸಿನರ್ಜಿಡ್‌ನ ಕಿಂಡಿಯ ಕಡೆಯ ಗೋಡೆ ಬೆರಳುಬೆರಳಾಗಿ ಒಳಚಾಚಿರುತ್ತದೆ. ಪರಾಗನಳಿಕೆಯನ್ನು ಕರೆಯುವುದು ಈ ಕೋಶಗಳೇ ಎಂದು ಜಪಾನಿನ ಹಿಗಾಶಿಯಾಮಾ ತಂಡ 2001ರಲ್ಲಿ ತೋರಿಸಿತು. ಅವರು ಆರಿಸಿಕೊಂಡದ್ದು ಟೊರೇನಿಯಾ ಎಂಬ ಕುಂಡದ ಹೂಗಿಡ. ಅದರ ಭ್ರೂಣಚೀಲ ಕಿಂಡಿಯಿಂದ ತಲೆ ಹೊರಹಾಕಿ ಕೂತಿರುತ್ತದೆ, ಗೋಡೆ ಬಿಡಿಸುವ ತೊಂದರೆಯೇ ಇಲ್ಲ. ನರ್ಸರಿಯಲ್ಲಿ ಸಿಕ್ಕರೆ ಬಿಡಬೇಡಿ.

ಗೋಡೆಗಳಲ್ಲಿ ಒಂದನ್ನು ಮಾತ್ರ ಈ ವಿಧಾನದಲ್ಲೂ ನೋಡಲಾಗದು. ಚೀಲ ಹುಟ್ಟುವ ಮೊದಲು, ಅದರ ತಾಯಿಕೋಶ ನಾಲ್ಕಾಗಿ ಒಡೆಯುವ ಹೊತ್ತಿನಲ್ಲಿ, ಕ್ಯಾಲೋಸ್ ಎಂಬ ಸಕ್ಕರೆಸರಪಳಿಯ ಮುಸುಕು ಸುತ್ತ ಬೀಳುತ್ತದೆ. ನಾಲ್ವರಲ್ಲಿ ಮೂವರು ಸಾಯುತ್ತಾರೆ. ಬದುಕುವ ಕೋಶದ ಮೇಲಿನ ಮುಸುಕು ಬೇಗ ಕರಗುತ್ತದೆ, ಆಹಾರ ಅದಕ್ಕೇ ಸಿಗುತ್ತದೆ. ಅನಿಲಿನ್ ಬ್ಲೂ ಹಾಕಿ ಪ್ರತಿದೀಪ್ತಿ ಸೂಕ್ಷ್ಮದರ್ಶಕದಲ್ಲಿ ನೋಡಿದರೆ ಈ ಮುಸುಕು ಹೊಳೆಯುತ್ತದೆ.

ಮೊದಲ ಹತ್ತು ಅಂಡಕ ಕೆಟ್ಟರೆ ಬೇಸರ ಬೇಡ. ನಮಗೆಲ್ಲ ನಗೆಯ ಬರಹಗಾರರಾಗಿ ಪರಿಚಯವಿರುವ ಬಿ.ಜಿ.ಎಲ್. ಸ್ವಾಮಿಯವರ ಸಂಶೋಧನೆಯ ವಿಷಯ ಇದೇ, ಗಿಡಗಳ ಭ್ರೂಣಶಾಸ್ತ್ರ ಮತ್ತು ಅಂಗರಚನೆ. ಆ ಕಾಲದಲ್ಲಿ ಮೇಣದಲ್ಲಿ ಕೂರಿಸಿ ಎಳೆಎಳೆಯಾಗಿ ಕೊಯ್ದು, ಸಾಲಾಗಿ ಜೋಡಿಸಿ ನೋಡುತ್ತಿದ್ದರು.

ಹೆಜ್ಜೆ 7: ಗೋಡೆಯೇ ಹೆರುವ ಲಿಂಬಿ

ಮಾಗಿದ ಕಾಗಜಿ ಲಿಂಬಿಯ ಹತ್ತು ಬೀಜ ತೊಳೆದು ಒಂದು ತಾಸು ನೆನೆಸಿ. ಬಿಳಿ ಹೊರಸಿಪ್ಪೆಯನ್ನು ಉಗುರಿನಿಂದ ಮೊನೆಯ ಕಡೆಯಿಂದ ಸುಲಿಯಿರಿ, ಜಾರುತ್ತದೆ, ಹಿಡಿದುಕೊಳ್ಳಿ. ಒಳಗೆ ಕಂದು ಛಾಯೆಯ ತೆಳು ಪೊರೆ, ದುಂಡು ತುದಿಯಲ್ಲಿ ಬಣ್ಣ ಗಾಢ. ಅದೇ ಚಲಾಜಾ, ಬೆಂಡಿಯಲ್ಲಿ ಊಹಿಸಿಕೊಂಡದ್ದು ಇಲ್ಲಿ ಟೋಪಿಯಂತೆ ಕಣ್ಣಿಗೇ ಕಾಣುತ್ತದೆ. ಪೊರೆ ತೆಗೆದು ಒಳಗಿನದನ್ನು ಮೆಲ್ಲಗೆ ಒತ್ತಿ. ಕಡಲೆಯಂತೆ ಎರಡು ಬೇಳೆಯಾಗಿ ಬಿಡುವ ಬದಲು ಕೆಲವು ಬೀಜದಲ್ಲಿ ಒಂದಕ್ಕೊಂದು ಒತ್ತಿಕೊಂಡ ಎರಡು, ಮೂರು ಭ್ರೂಣ ಕೈಗೆ ಬರುತ್ತವೆ, ಒಂದು ದೊಡ್ಡದು, ಒಂದು ಅಕ್ಕಿನುಚ್ಚಿನಷ್ಟು.

ಒಂದು ಅಂಡಕೋಶಕ್ಕೆ ಇಷ್ಟು ಮಕ್ಕಳೆಲ್ಲಿಂದ? ಸುತ್ತಲಿನ ನ್ಯುಸೆಲಸ್‌ನ ಕೋಶಗಳೇ ಮೊಳೆತು ಭ್ರೂಣಚೀಲದೊಳಕ್ಕೆ ತೂರಿ ಭ್ರೂಣಗಳಾಗುತ್ತವೆ. ಕಿತ್ತಳೆ ಬೀಜದಲ್ಲಿ ಹೀಗೆ ಒಂದಕ್ಕಿಂತ ಹೆಚ್ಚು ಭ್ರೂಣ ಇರುವುದನ್ನು ಲೇವೆನ್‌ಹುಕ್ 1719ರಲ್ಲೇ ಗಮನಿಸಿದ್ದ. ತಿರುಳು ತಾಯಿಯದಲ್ಲವೇ, ಹಾಗಾಗಿ ಅದರಿಂದ ಎದ್ದ ಸಸಿಗಳು ತಾಯಿಯ ಪಡಿಯಚ್ಚು. ಲಿಂಬಿಯನ್ನು ಬೀಜದಿಂದ ಎಬ್ಬಿಸಿದರೂ ತೋಟದ ಗಿಡಗಳು ಹೆಚ್ಚಾಗಿ ಒಂದೇ ತೆರನಾಗಿ ಬರುವುದರ ಗುಟ್ಟು ಇದು. ದಾಳಿಂಬೆಗೆ ಗೂಟಿ ಬೇಕು, ಲಿಂಬಿಗೆ ಬೀಜ ಸಾಕು.

ಸುಲಿದು ನೋಡಿದ್ದು ಐದು ಬೀಜ ಸಾಕು. ಉಳಿದ ಐದನ್ನು ಒಣಗಲು ಬಿಡದೆ ಸುಲಿಯದೇ, ಗೊಬ್ಬರ ಬೆರೆಸಿದ ಮಣ್ಣಿನ ಕುಂಡದಲ್ಲಿ ಬೆರಳ ಗೆಣ್ಣಿನಷ್ಟು ಆಳಕ್ಕೆ, ಒಂದೊಂದನ್ನು ಗೇಣು ದೂರಕ್ಕೆ ಊರಿ. ಹತ್ತಿರ ಊರಿದರೆ ಯಾವ ಸಸಿ ಯಾವ ಬೀಜದ್ದೆಂದು ಗೊತ್ತಾಗದೆ ಆಟ ಕೆಡುತ್ತದೆ, ನನಗೆ ಮೊದಲ ಸಲ ಆದದ್ದು ಅದೇ. ಪ್ರತಿ ಬೀಜದ ಪಕ್ಕ ಐಸ್‌ಕ್ರೀಮ್ ಕಡ್ಡಿ ನೆಟ್ಟು ದಿನಾಂಕ ಬರೆಯಿರಿ, ನೀರು ಚಿಮುಕಿಸಿ, ಬೆಕ್ಕು ಕೆದರದಂತೆ ಮೇಲೊಂದು ಬುಟ್ಟಿ ಮುಚ್ಚಿಡಿ. ಎರಡು ಮೂರು ವಾರದಲ್ಲಿ ತಲೆ ಎತ್ತುತ್ತವೆ. ಒಂದೇ ಕಡ್ಡಿಯ ಬುಡದಿಂದ ಎರಡು ಎದ್ದವೋ ಎಂದು ಬಗ್ಗಿ ನೋಡಿ.